ಬೀಚಲ್ಲಿ ಯಾರೂ ಇಲ್ಲದಾಗ ಒಬ್ಬರೇ ಕೈಟ್ ಎಬ್ಬಿಸೋದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನವನು, 68 ಕೆಜಿ ತೂಕ. ಹೋದ ವರ್ಷ ರಾಮೇಶ್ವರದಲ್ಲಿ ಹತ್ತು ದಿನ ಕೈಟ್‌ಸರ್ಫಿಂಗ್, ಅಂದರೆ ದೊಡ್ಡ ಗಾಳಿಪಟದ ಎಳೆತದಲ್ಲಿ ಬೋರ್ಡ್ ಮೇಲೆ ನಿಂತು ನೀರಲ್ಲಿ ಹೋಗೋ ಆಟ, ಕಲಿತೆ. ಈಗ ಬೋರ್ಡ್ ಮೇಲೆ ಎರಡೂ ಕಡೆಗೆ ಹೋಗಬಲ್ಲೆ. 2017ರ ಮಾಡೆಲ್‌ನ 12 ಮೀಟರ್ (ಅಂದರೆ 12 ಚದರ ಮೀಟರ್) ಕೈಟ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀನಿ. ವಾರದ ಮಧ್ಯೆ ರಜೆ ಹಾಕಿ ಹೋಗೋದರಿಂದ ಎಷ್ಟೋ ಸಲ ಬೀಚಲ್ಲಿ ಒಬ್ಬ ಕೈಟರ್ ಕೂಡ ಇರಲ್ಲ. ಬಾರನ್ನು, ಅಂದರೆ ಕೈಟ್ ಲೈನ್‌ಗಳ ಈ ತುದಿಯಲ್ಲಿ ಕೈಯಲ್ಲಿ ಹಿಡಿಯೋ ಕೋಲನ್ನು, ಮರಕ್ಕೋ ಕಾರಿನ ಹುಕ್ಕಿಗೋ ಕಟ್ಟಿ ಒಬ್ಬರೇ ಲಾಂಚ್ ಮಾಡೋದನ್ನು ವಿಡಿಯೋದಲ್ಲಿ ನೋಡಿದೆ. ಕಲಿಸಿದವರನ್ನು ಕೇಳಿದರೆ "ಬೇಡವೇ ಬೇಡ" ಅಂದರು, ಯಾಕೆ ಅಂತ ಹೇಳಲಿಲ್ಲ. ಮಾಡಬಹುದಾ? ಹೇಗೆ?

ಉತ್ತರ: ಮಾಡಬಹುದು. ಆದರೆ ಮರಕ್ಕೆ ಕಟ್ಟಿ ಅಲ್ಲ, ಮುಂದಿನ ವಾರವೂ ಅಲ್ಲ. ನಿಮ್ಮ ಗುರುಗಳು ಯಾಕೆ ಬೇಡ ಅಂದರು ಅನ್ನೋದು ಗೊತ್ತಾದರೆ ಹೇಗೆ ಮಾಡಬೇಕು ಅನ್ನೋದು ಅರ್ಧ ಗೊತ್ತಾದ ಹಾಗೆ, ಅದಕ್ಕೇ ಅಲ್ಲಿಂದ ಶುರು ಮಾಡ್ತೀನಿ.

ಲಾಂಚ್ ಮಾಡೋವಾಗ ಆ ಕಡೆ ಕೈಟ್ ಹಿಡಿದು ನಿಂತವರು ಏನು ಮಾಡ್ತಾರೆ? ಕೈಟ್ ಹಿಡ್ಕೊಂಡಿರ್ತಾರೆ, ನೀವು ಹೆಬ್ಬೆರಳು ಎತ್ತಿದಾಗ ಬಿಡ್ತಾರೆ ಅಂತ ನೀವು ಅಂದ್ಕೊಂಡಿರಬಹುದು. ಅದು ಚಿಕ್ಕ ಕೆಲಸ. ಒಂದು ಕಲ್ಲು ಕೂಡ ಅದನ್ನು ಮಾಡುತ್ತೆ. ಅವರ ದೊಡ್ಡ ಕೆಲಸ ಬಿಡದೇ ಇರೋದು. ಲೈನ್ ಒಂದು ಸುತ್ತಿಕೊಂಡಿದ್ದರೆ, ನೀವು ತಪ್ಪು ಜಾಗದಲ್ಲಿ ನಿಂತಿದ್ದರೆ, ಹಿಂದಿನಿಂದ ಯಾರೋ ಮಗು ಓಡಿ ಬಂದರೆ, ಅವರು ತಲೆ ಅಲ್ಲಾಡಿಸಿ "ತಡಿ" ಅಂತಾರೆ. ಒಬ್ಬರೇ ಇದ್ದಾಗ ಕಳೆದುಹೋಗೋದು ಆ "ತಡಿ" ಅನ್ನೋ ಮಾತು. ಮರಳಿನಿಂದ ಕೈಟ್ ಹಿಡಿದಿಡೋದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ನಿಮಗೆ ನೀವೇ "ತಡಿ" ಹೇಳ್ಕೊಳ್ಳೋದು ಅಷ್ಟು ಬೇಗ ಬರಲ್ಲ. ಅದರಲ್ಲೂ ಆರುನೂರು ಕಿಲೋಮೀಟರ್ ಕಾರ್ ಓಡಿಸ್ಕೊಂಡು ಬಂದಿದ್ದು, ಒಂದೇ ದಿನ ರಜೆ ಉಳಿದಿದ್ದು, ಗಾಳಿ ಆಗಷ್ಟೇ ಏರ್ತಿದ್ದರೆ ಕೇಳಲೇಬೇಡಿ.

ಹಾಗಾಗಿ ಮೊದಲು, ಯಾರಾದರೂ ಸಿಗ್ತಾರಾ ನೋಡಿ. ಕೈಟರ್ ಇಲ್ಲದಿದ್ದರೂ ಮೀನುಗಾರರು ಇರ್ತಾರೆ, ಬಲೆ ಹೊಲಿಯೋರು ಇರ್ತಾರೆ. ಆದರೆ ಏನೂ ಹೇಳಿಕೊಡದೆ ಸುಮ್ನೆ ಕೈಟ್ ಕೈಗೆ ಕೊಡಬೇಡಿ. ಗೊತ್ತಿಲ್ಲದವರು ಭಯಕ್ಕೆ ಗಟ್ಟಿಯಾಗಿ ಹಿಡ್ಕೊಂಡು ಬಿಡೋದೇ ಇಲ್ಲ, ಅಥವಾ ಗಾಳಿಪಟ ಬಿಟ್ಟ ಹಾಗೆ ಮೇಲಕ್ಕೆ ಎಸೀತಾರೆ. ಎರಡೂ ಅಪಾಯ, ಅದಕ್ಕಿಂತ ಒಬ್ಬರೇ ಎಬ್ಬಿಸೋದೇ ವಾಸಿ. ಐದು ನಿಮಿಷ ಕೊಟ್ಟು ಕಲಿಸಿ: ಲೀಡಿಂಗ್ ಎಡ್ಜ್‌ನ, ಅಂದರೆ ಕೈಟ್ ಮುಂಭಾಗದ ಗಾಳಿ ತುಂಬಿದ ಅಂಚಿನ, ನಡುಮಧ್ಯ ಹಿಡೀಬೇಕು, ಕೈಟ್‌ನಿಂದ ಅಪ್‌ವಿಂಡ್ ಕಡೆ ಅಂದರೆ ಗಾಳಿ ಬರೋ ಕಡೆ ನಿಲ್ಲಬೇಕು, ಸನ್ನೆ ಮಾಡಿದಾಗ ಎಸೀಬಾರದು, ಬೆರಳು ಬಿಚ್ಚಿದರೆ ಸಾಕು. ತಮಿಳು ಬರಲ್ಲ ಅನ್ನೋ ಚಿಂತೆ ಬೇಡ. ನಮ್ಮ "ಹಿಡಿ" ಅವರ "ಪಿಡಿ", ನಮ್ಮ "ಬಿಡು" ಅವರ "ವಿಡು". ಹಳಗನ್ನಡದಲ್ಲಿ ನಾವೂ ಪಿಡಿ ಅಂತಲೇ ಅಂತಿದ್ವಿ. ನಾನು ರಾಮೇಶ್ವರದಲ್ಲಿ ಮೊದಲ ಎರಡು ವರ್ಷ ಈ ಎರಡೇ ಮಾತಲ್ಲಿ ಕಳೆದಿದ್ದೀನಿ, ಮೂರನೆಯದು ಟೀ.

ಯಾರೂ ಸಿಗಲಿಲ್ಲ ಅಂದ್ಕೊಳ್ಳೋಣ. ಕೈಟ್ ಚೀಲದಿಂದ ತೆಗೆಯೋಕೆ ಮುಂಚೆ ಬರಿಗೈಲಿ ಡೌನ್‌ವಿಂಡ್ ಕಡೆ, ಅಂದರೆ ಗಾಳಿ ಹೋಗೋ ಕಡೆ, ನಡ್ಕೊಂಡು ಹೋಗಿ ಬನ್ನಿ. ನಿಮ್ಮ ಲೈನ್ 22 ಮೀಟರ್ ಇದ್ದರೆ ಕನಿಷ್ಠ ಅದರ ಎರಡರಷ್ಟು, ಅಂದರೆ ಸುಮಾರು 50 ಮೀಟರ್ ಖಾಲಿ ಇರಬೇಕು. ಶುರುವಿನಲ್ಲಿ ಇನ್ನೂ ಜಾಸ್ತಿ ಇರಲಿ. ಖಾಲಿ ಅಂದರೆ ದೋಣಿ ಇಲ್ಲ, ಲಂಗರಿನ ಹಗ್ಗ ಇಲ್ಲ, ಕಂಬ ಇಲ್ಲ, ನಮ್ಮ ಕಡೆ ಬಳ್ಳಾರಿ ಜಾಲಿ ಅಂತೀವಲ್ಲ ಆ ಮುಳ್ಳಿನ ಪೊದೆ ಇಲ್ಲ. ರಾಮನಾಥಪುರದ ಕಡೆ ಅದು ಎಲ್ಲಿ ನೋಡಿದರಲ್ಲಿದೆ. ಅದರ ಒಂದು ಮುಳ್ಳು ಲೀಡಿಂಗ್ ಎಡ್ಜ್ ಒಳಗಿನ ಟ್ಯೂಬಿಗೆ ಹೊಕ್ಕರೆ ಅವತ್ತಿನ ಕಥೆ ಮುಗೀತು. ಮೇಕೆಗಳನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ. ತಮಾಷೆ ಅಲ್ಲ, ಮರಳ ಮೇಲೆ ಬಿದ್ದಿರೋ ಲೈನು ಅವಕ್ಕೆ ಕಾಣಲ್ಲ.

ಗಾಳಿ ದಡಕ್ಕೆ ಅಡ್ಡವಾಗಿ, ಅಥವಾ ಅಡ್ಡವಾಗಿ ಸ್ವಲ್ಪ ದಡದ ಕಡೆಗೆ ಬೀಸ್ತಿರಬೇಕು. ಸಮುದ್ರದಿಂದ ನೇರವಾಗಿ ದಡಕ್ಕೆ ಬೀಸ್ತಿದ್ದರೆ ಎಡವಟ್ಟಾದಾಗ ನೀವು ಹೋಗಿ ಬೀಳೋದು ಗಟ್ಟಿ ನೆಲದ ಮೇಲೆ. ದಡದಿಂದ ಸಮುದ್ರಕ್ಕೆ ಬೀಸ್ತಿದ್ದರೆ ಒಬ್ಬರೇ ನೀರಿಗೆ ಇಳಿಯೋ ಮಾತೇ ಇಲ್ಲ. ಮರದ ಮರೆಯಲ್ಲೂ ಲಾಂಚ್ ಬೇಡ, ಮರ ಎಷ್ಟು ಎತ್ತರವೋ ಅದರ ಏಳೆಂಟು ಪಟ್ಟು ದೂರದವರೆಗೂ ಗಾಳಿ ಕಲಕಿ ಹೋಗಿರುತ್ತೆ. ಇನ್ನು ಗಾಳಿಯ ಬಲ. 12 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಗಾಳಿ 18 ಆದರೆ ಕೈಟ್ ಎಳೆಯೋದು ಒಂದೂವರೆ ಪಟ್ಟು ಅಲ್ಲ, ಎರಡೂಕಾಲು ಪಟ್ಟು. ವೇಗದ ವರ್ಗಕ್ಕೆ ತಕ್ಕಂತೆ ಬಲ ಏರುತ್ತೆ. ಹಾಗಾಗಿ ನಿಮ್ಮ ತೂಕಕ್ಕೆ 12 ಮೀಟರ್ ಕೈಟ್ ಇಟ್ಕೊಂಡು ಮೊದಲ ಸಲ ಒಬ್ಬರೇ ಮಾಡೋದಾದರೆ 13, 14 ನಾಟ್‌ನ ಸಮ ಗಾಳಿ ಸಾಕು. ಸಮ ಅನ್ನೋದು ಮುಖ್ಯ. ಇಪ್ಪತ್ತರ ಹತ್ತಿರ ಇದ್ದರೆ, ಅಥವಾ ಒಮ್ಮೆ ಹತ್ತು ಒಮ್ಮೆ ಹದಿನೆಂಟು ಅಂತ ಆಡ್ತಿದ್ದರೆ ಕೈಟ್ ಚೀಲದಲ್ಲೇ ಇರಲಿ.

ಈಗ ಮರಳಿನ ವಿಧಾನ. ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದೀರಿ, ಗಾಳಿ ಎಡದಿಂದ ಬಲಕ್ಕೆ ಬೀಸ್ತಿದೆ ಅಂತಿಟ್ಕೊಳ್ಳಿ. ಬಲಕ್ಕೆ ತಿರುಗಿ ಗಾಳಿಗೆ ಬೆನ್ನು ಕೊಡಿ. ಸಮುದ್ರ ನಿಮ್ಮ ಎಡಗಡೆ ಬಂತು. ಕೈಟ್ ಇರಬೇಕಾದ್ದು ಆ ಕಡೆ, ನೀರಿನ ಕಡೆ. ಎಳೆದರೆ ನೀರಿಗೆ ಎಳೀಲಿ ಅಂತ. ಬೀಚ್ ಅಷ್ಟು ಅಗಲ ಇಲ್ಲದೆ ನೀವು ಸರ್ವೆ ತೋಪಿನೊಳಗೆ ನಿಲ್ಲೋ ಹಾಗಾದರೆ ಅದು ಲಾಂಚ್ ಮಾಡೋ ಜಾಗವೇ ಅಲ್ಲ, ಮುಂದೆ ಹೋಗಿ. ತಲೆಯಲ್ಲಿ ನೆಲದ ಮೇಲೆ ಒಂದು ಗಡಿಯಾರ ಬರೆದುಕೊಳ್ಳಿ, ಗಾಳಿ ನೇರವಾಗಿ ಹೋಗೋ ದಿಕ್ಕು 12, ನಿಮ್ಮ ನೇರ ಎಡಕ್ಕೆ 9. ಕೈಟ್ 9ಕ್ಕಿಂತ ಸ್ವಲ್ಪ ಡೌನ್‌ವಿಂಡ್ ಕಡೆಗೆ, ಒಂಬತ್ತೂವರೆ ಹತ್ತಿರ ಇರಲಿ. 12ರ ಹತ್ತಿರ ಇಟ್ಟು ಎಬ್ಬಿಸಿದರೆ ಅದು ಪೂರ್ತಿ ಬಲದಲ್ಲಿ ಮೇಲೇಳುತ್ತೆ, ನಿಮ್ಮನ್ನೂ ಎಬ್ಬಿಸ್ಕೊಂಡು ಹೋಗುತ್ತೆ. ಬೀಚಲ್ಲಿ ಆಗೋ ಕೆಟ್ಟ ಅಪಘಾತಗಳಲ್ಲಿ ಇದೂ ಒಂದು.

ಕೈಟಿಗೆ ಗಾಳಿ ಗಟ್ಟಿಯಾಗಿ ತುಂಬಿ. ಎಷ್ಟು ಪಿಎಸ್‌ಐ ಅಂತ ಸಾಮಾನ್ಯವಾಗಿ ಕೈಟ್ ಮೇಲೇ ಬರೆದಿರುತ್ತೆ. ಬೆರಳಲ್ಲಿ ಹೊಡೆದರೆ ಕಾಯಿಸಿದ ತಮಟೆ ಥರ ಸದ್ದು ಬರಬೇಕು. ಮೆತ್ತಗಿದ್ದರೆ ಮಡಿಸಿದ ತುದಿ ಬಿಚ್ಚಿಕೊಳ್ಳೋಕೆ ಬದಲು ಅಲ್ಲೇ ಮುದುಡುತ್ತೆ. ಲೈನ್ ಹಾಸಿ, ಬಾರ್‌ನಿಂದ ಕೈಟ್‌ವರೆಗೆ ಬೆರಳುಗಳ ನಡುವೆ ಬಿಡಿಸ್ಕೊಂಡು ಹೋಗಿ, ಕಟ್ಟಿ. ಆಮೇಲೆ ಕೈಟನ್ನು ಒಂದು ತುದಿಯ ಮೇಲೆ ನಿಲ್ಲಿಸಿ: ಲೀಡಿಂಗ್ ಎಡ್ಜ್ ಗಾಳಿಯ ಕಡೆಗೆ, ಹೊಟ್ಟೆಯ ಭಾಗ ಬಾರ್ ಕಡೆಗೆ. ಕೆಳಗಿರೋ ತುದಿಯನ್ನು ಒಂದು ಮೊಳದಷ್ಟು ಒಳಕ್ಕೆ ಮಡಿಸಿ, ಆ ಮಡಿಕೆಯ ಮೇಲೆ ಒದ್ದೆ ಮರಳು ಹಾಕಿ. ಒಣ ಮರಳು ಜಾರಿಹೋಗುತ್ತೆ. ಎಷ್ಟು ಅಂದರೆ, ಇಂಥ ಗಾಳಿಗೆ ನಾನು ನಾಲ್ಕೈದು ಬೊಗಸೆಯಿಂದ ಶುರು ಮಾಡ್ತೀನಿ. ಕಡಿಮೆಯಾದರೆ ನೀವು ಬಾರ್ ಹತ್ತಿರ ಬರೋದರೊಳಗೆ ಕೈಟ್ ಹೊರಟಿರುತ್ತೆ, ಜಾಸ್ತಿಯಾದರೆ ಏಳೋದೇ ಇಲ್ಲ, ವಾಪಸ್ ಹೋಗಿ ಒಂದೆರಡು ಬೊಗಸೆ ತೆಗೀಬೇಕು. ಕಲ್ಲು ಬೇಡ, ಬೋರ್ಡ್ ಅಂತೂ ಬೇಡವೇ ಬೇಡ. ಬೋರ್ಡಿನ ಫಿನ್ ಬಟ್ಟೆ ಹರಿಯುತ್ತೆ, ಕೈಟ್ ಎದ್ದಾಗ ಬೋರ್ಡ್ ಎಲ್ಲಿಗೆ ಹಾರುತ್ತೋ ದೇವರೇ ಬಲ್ಲ. ಸರಿಯಾಗಿ ಇಟ್ಟ ಕೈಟ್ ನೋಡೋಕೆ ಚೆನ್ನಾಗೇನೂ ಇರಲ್ಲ. ಕೆಳಗಿನ ತುದಿ ಮರಳಲ್ಲಿ ಹೂತಿರುತ್ತೆ, ಮೇಲಿನ ಅರ್ಧ ಹಿಂದಕ್ಕೆ ಒರಗಿ ಪಟಪಟ ಅಂತಿರುತ್ತೆ, ನಿದ್ದೆಗಣ್ಣಲ್ಲಿ ಎದ್ದು ಕೂತವರ ಹಾಗೆ. ಲೀಡಿಂಗ್ ಎಡ್ಜನ್ನು ಲೈನಿಗೆ ಸೇರಿಸೋ ಸಣ್ಣ ಬ್ರೈಡಲ್ ದಾರ ಯಾವುದೂ ಮರಳಿನ ಅಡಿ ಸಿಕ್ಕಿಲ್ಲ ಅಂತ ನೋಡ್ಕೊಂಡು ಬಾರ್ ಕಡೆ ಬನ್ನಿ.

ಇಲ್ಲಿ ನಿಲ್ಲಿ. ಆ "ತಡಿ" ಹೇಳ್ಕೋಬೇಕಾದ ಜಾಗ ಇದೇ. ಕೈಟ್ ಎಡಕ್ಕೆ ಇದ್ದರೆ ಅದರ ಎಡ ತುದಿ ಕೆಳಗಿರಬೇಕು, ಬಲ ತುದಿ ಮೇಲಿರಬೇಕು. ಹೆಚ್ಚಿನ ಬಾರ್‌ಗಳಲ್ಲಿ ಎಡಗಡೆ ಕೆಂಪು. ಹಾಗಿದ್ದರೆ ಕೆಂಪು ಲೈನು ಮರಳಿನ ಕಡೆಗೆ ಹೋಗಿರಬೇಕು, ಇನ್ನೊಂದು ಬಣ್ಣದ್ದು ಆಕಾಶದ ಕಡೆಯ ತುದಿಗೆ. ಬಾರ್ ಎತ್ತಿ, ಲೈನ್ ಸ್ವಲ್ಪ ಬಿಗಿ ಮಾಡಿ, ಒಂದು ಕಣ್ಣು ಮುಚ್ಚಿ ಕೈಟ್‌ವರೆಗೂ ದೃಷ್ಟಿ ಹಾಯಿಸಿ. ನಾಲ್ಕೂ ಲೈನ್ ಒಂದಕ್ಕೊಂದು ಸುತ್ತಿಕೊಳ್ಳದೆ ಹೋಗಿರಬೇಕು, ಲೀಡಿಂಗ್ ಎಡ್ಜ್ ಕಡೆಗೆ ಹೋಗೋ ಮುಂದಿನ ಎರಡು ಲೈನ್ ಮಧ್ಯದಲ್ಲಿರಬೇಕು, ಕೈಟ್ ತಿರುಗಿಸೋ ಸ್ಟಿಯರಿಂಗ್ ಲೈನ್ ಎರಡೂ ಹೊರಗಡೆ.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಒಬ್ಬನೇ ಲಾಂಚ್ ಮಾಡೋಕೆ ಶುರು ಮಾಡಿದ ಹೊಸತರಲ್ಲಿ, ಒಂದು ಚಳಿಗಾಲದ ಬೆಳಿಗ್ಗೆ ಮೇಲಿನ ತುದಿಯ ಸ್ಟಿಯರಿಂಗ್ ಲೈನು ಬ್ರೈಡಲ್‌ಗೆ ಒಂದು ಸುತ್ತು ಹಾಕ್ಕೊಂಡಿತ್ತು. ಬಾರ್ ಹತ್ತಿರದಿಂದ ನೋಡಿದೆ, ಸರಿ ಇದೆ ಅನ್ನಿಸ್ತು. ನಿಜ ಹೇಳಬೇಕಂದರೆ ನೋಡಲಿಲ್ಲ, ನೋಡಿದ ಹಾಗೆ ಮಾಡಿದೆ. ಕೈಟ್ ಮರಳಿಂದ ಚೆನ್ನಾಗೇ ಎದ್ದಿತು, ಎರಡಾಳೆತ್ತರ ಹೋಯಿತು, ಆಮೇಲೆ ತಾನೇ ತಿರುಗಿ ಕೆಳಕ್ಕೆ ಬಂತು. ಒಂದು ಸುತ್ತು, ಇನ್ನೊಂದು ಸುತ್ತು. ಪ್ರತಿ ಸುತ್ತಿಗೂ ಎಳೆತ. ನಾನು ಮಾಡಿದ್ದೇನು? ಬಾರ್ ಗಟ್ಟಿಯಾಗಿ ಹಿಡ್ಕೊಂಡು ಎದೆಗೆ ಎಳೆದುಕೊಂಡೆ. ಬಾರ್ ಎಳೆದರೆ ಕೈಟ್‌ನ ಬಲ ಜಾಸ್ತಿ ಆಗುತ್ತೆ, ಇದನ್ನು ಹತ್ತಾರು ಜನರಿಗೆ ಹೇಳಿಕೊಟ್ಟವನು ನಾನೇ. ಬೀಳೋ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡ್ಕೋತಾನೆ, ಬಿಡೋದು ಹೊಳೆಯಲ್ಲ. ಒತ್ತಿದರೆ ಕೈಟ್‌ನ ಬಲ ತೆಗೆದುಬಿಡೋ ಕ್ವಿಕ್ ರಿಲೀಸ್ ಒಂದು ಗೇಣು ದೂರದಲ್ಲಿತ್ತು. ಹದಿನೈದು ಇಪ್ಪತ್ತು ಹೆಜ್ಜೆಯಷ್ಟು ಮುಖ ಕೆಳಗಾಗಿ ಮರಳಲ್ಲಿ ಹೋಗಿ ಒಂದು ಬಲೆ ರಾಶಿಗೆ ಸಿಕ್ಕಿ ನಿಂತೆ. ತೊಡೆಯ ಚರ್ಮ ಸರಿಯಾಗೋಕೆ ಮೂರು ವಾರ ಬೇಕಾಯ್ತು, ಬಲೆ ಬಿಡಿಸೋಕೆ ಬಂದವರ ಬೈಗುಳ ಬೇರೆ.

ಅವತ್ತಿಂದ ಒಂದು ಕೈ ಬಾರ್ ನಡುವೆ, ಇನ್ನೊಂದು ಕೈ ಕ್ವಿಕ್ ರಿಲೀಸ್ ಮೇಲೆ ಇಟ್ಕೊಂಡೇ ಕೈಟ್ ಎಬ್ಬಿಸ್ತೀನಿ. ಚಿಕನ್ ಲೂಪನ್ನು (ಬಾರ್ ಕೆಳಗಿನ ಕುಣಿಕೆ) ಹಾರ್ನೆಸ್‌ಗೆ (ಸೊಂಟಕ್ಕೆ ಕಟ್ಟೋ ಪಟ್ಟಿ) ಸಿಕ್ಕಿಸಿ, ಲೀಷ್ (ಸೇಫ್ಟಿ ಲೈನಿಗೆ ನಿಮ್ಮನ್ನು ಸೇರಿಸೋ ಹಗ್ಗ) ಕಟ್ಟಿ, ಟ್ರಿಮ್ ಪಟ್ಟಿಯನ್ನು ಬಲ ಕಡಿಮೆ ಮಾಡೋ ಕಡೆಗೆ ಸ್ವಲ್ಪ ಎಳ್ಕೊಂಡು, ಹಿಂದಕ್ಕೆ ಒಂದೊಂದೇ ಹೆಜ್ಜೆ ಹೋಗಿ. ಲೈನ್ ಬಿಗಿಯಾದ ಹಾಗೆ ಮೇಲಿನ ತುದಿ ಎದ್ದು ಕೈಟ್ ಬಿಲ್ಲಿನ ಹಾಗೆ ನಿಲ್ಲುತ್ತೆ. ಈ ನಾಲ್ಕೈದು ಸೆಕೆಂಡಲ್ಲೇ ಹೊಸಬರು ತಪ್ಪೋದು. ಬಟ್ಟೆ ಪಟಪಟ ಹೊಡ್ಕೋತಿದೆ, ಲೈನ್ ಸಡಿಲ ಆಗ್ತಿದೆ ಅಂದರೆ ಕೈಟ್ ಗಾಳಿಯ ಅಂಚಿಗೆ, ಅಂದರೆ ಗಡಿಯಾರದ 9ರ ಕಡೆಗೆ, ಜಾಸ್ತಿ ಹತ್ತಿರ ಇದೆ, ನೀವು ಎರಡು ಹೆಜ್ಜೆ ಅಪ್‌ವಿಂಡ್ ಕಡೆ ಹೋಗಬೇಕು. ತಿರುಗಾಮುರುಗಾ, ಇನ್ನೂ ಮರಳಲ್ಲಿರೋವಾಗಲೇ ಬಟ್ಟೆ ಉಬ್ಬಿ ಸದ್ದಿಲ್ಲದೆ ಗಟ್ಟಿಯಾಗಿ ಎಳೀತಿದೆ ಅಂದರೆ ಅದು ತುಂಬಾ ಒಳಗೆ, 12ರ ಕಡೆಗೆ, ಇದೆ, ನೀವು ಕೈಟ್ ಕಡೆಗೆ ಡೌನ್‌ವಿಂಡ್ ನಡೀಬೇಕು. ಎಳೆತ ಜೋರಾಗಿದ್ದರೆ ನಡೆಯೋದೂ ಬೇಡ, ರಿಲೀಸ್ ಒತ್ತಿ. ಭಯ ಆದಾಗ ಮನಸ್ಸು ಇದರ ಉಲ್ಟಾ ಹೇಳುತ್ತೆ. ಎಳೆಯೋ ವಸ್ತುವಿನಿಂದ ದೂರ ಓಡು ಅನ್ನುತ್ತೆ. ಅಪ್‌ವಿಂಡ್ ಓಡಿದಷ್ಟೂ ಕೈಟ್ ಇನ್ನೂ ಒಳಕ್ಕೆ ಬರುತ್ತೆ, ಇನ್ನೂ ಜೋರಾಗಿ ಎಳೆಯುತ್ತೆ. ಮನೆಯಲ್ಲಿ ಟೇಬಲ್ ಮೇಲೆ ಒಂದು ದಾರ, ಎರಡು ಬೆಂಕಿಪೊಟ್ಟಣ ಇಟ್ಕೊಂಡು ಈ ಕೋನ ಆಡಿ ನೋಡಿ. ನಾಚಿಕೆ ಬೇಡ, ನಾನೂ ಹಾಗೇ ಕಲಿತಿದ್ದು.

ಬಟ್ಟೆಯ ಹಿಂದಿನ ಅಂಚು ಸ್ವಲ್ಪವೇ ನಡುಗ್ತಾ ಕೈಟ್ ನಿಂತರೆ ಕೋನ ಸರಿಯಾಗಿದೆ. ಈಗ ಬಲಗೈ ಕಡೆ ಮೆತ್ತಗೆ ಎಳೀರಿ. ಮರಳು ಸುರಿದು ಕೈಟ್ ನಿಧಾನ ಮೇಲೇರುತ್ತೆ. ಗಡಿಯಾರವನ್ನು ಈಗ ಆಕಾಶಕ್ಕೆ ಎತ್ತಿ ನಿಲ್ಲಿಸಿದ ಹಾಗೆ ನೋಡಿ. ಹತ್ತರವರೆಗೆ ಏರಿಸಿ, ಅಲ್ಲೇ ಇಟ್ಕೊಂಡು ನೀರಿಗೆ ನಡೀರಿ. ನೆತ್ತಿಯ ಮೇಲೆ 12ರಲ್ಲಿ ನಿಲ್ಲಿಸ್ಕೊಂಡು ಫೋಟೋ ತೆಗೆಸಿಕೊಳ್ಳೋ ಚಟ ಬೇಡ. ನೆತ್ತಿಯಲ್ಲಿದ್ದಾಗ ಒಂದು ಜೋರು ಗಾಳಿ ಬಂದರೆ ಅದು ನಿಮ್ಮನ್ನು ಪಕ್ಕಕ್ಕೆ ಎಳೆಯಲ್ಲ, ಮೇಲಕ್ಕೆ ಎತ್ತುತ್ತೆ. ಕೆಳಗೆ ಬರೋ ಜವಾಬ್ದಾರಿ ನಿಮ್ಮದು.

ಮರ, ಕಾರು, ಮರಳ ಚೀಲಕ್ಕೆ ಬಾರ್ ಕಟ್ಟೋ ವಿಧಾನದ ಬಗ್ಗೆ ಕೇಳಿದ್ದಿರಿ. ಅದನ್ನು ಚೆನ್ನಾಗಿ ಮಾಡೋರು ಇದ್ದಾರೆ, ಅನುಭವಿಗಳಿಗೆ ಅದು ಸುಲಭ ಕೂಡ. ನಿಮಗೆ ಯಾಕೆ ಬೇಡ ಅಂದರೆ, ಕೈಟ್ ನಿಂತಿದೆ, ಲೈನ್ ಬಿಗಿ ಇದೆ, ನೀವು ಮಾತ್ರ ಬಾರ್ ಹತ್ತಿರ ಇಲ್ಲ. ಆ ಇಪ್ಪತ್ತು ಮೀಟರ್ ನಡ್ಕೊಂಡು ಬರೋವಾಗ ಗಾಳಿಯ ದಿಕ್ಕು ಸ್ವಲ್ಪ ಬದಲಾದರೆ ಕೈಟ್ ತಾನೇ ಏಳುತ್ತೆ, ಹಿಡಿಯೋರು ಯಾರೂ ಇಲ್ಲ, ಬಿಡಿಸೋರೂ ಇಲ್ಲ. ಬಿಗಿಯಾದ ಆ ಲೈನ್ ದಾರಿಯಲ್ಲಿ ಬಂದವರನ್ನು ಚಾಕುವಿನ ಹಾಗೆ ಕೊಯ್ಯುತ್ತೆ. ಮರಳಿನ ವಿಧಾನದಲ್ಲಿ, ಮರಳು ಸಾಕಷ್ಟು ಹಾಕಿದ್ದರೆ, ನೀವು ಬಾರ್ ಹಿಡಿಯೋವರೆಗೂ ಕೈಟ್ ಮಲಗೇ ಇರುತ್ತೆ, ಅದೇ ವ್ಯತ್ಯಾಸ. ಬಹುಶಃ ನಿಮ್ಮ ಗುರುಗಳ ಮನಸ್ಸಲ್ಲಿದ್ದದ್ದೂ ಇದೇ ಇರಬೇಕು.

ಇನ್ನೊಂದು ದಾರಿ ಇದೆ, ಜಾಗ ಸಿಕ್ಕರೆ ನನಗೆ ಇದೇ ಇಷ್ಟ: ನೀರಿನ ಮೇಲಿಂದ ಎಬ್ಬಿಸೋದು. ಗಾಳಿ ತುಂಬಿದ ಲೀಡಿಂಗ್ ಎಡ್ಜ್‌ನ ಈ ಕೈಟ್ ಹುಟ್ಟಿದ್ದೇ ನೀರಿಗೆ ಬಿದ್ದರೆ ಮತ್ತೆ ಏಳಲಿ ಅಂತ. ಫ್ರಾನ್ಸಿನ ಬ್ರಿಟನಿಯ ಅಣ್ಣತಮ್ಮಂದಿರು ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ 1984ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ರಾಮೇಶ್ವರದ ಸುತ್ತ ಸೊಂಟದ ಮಟ್ಟದ ಸಪಾಟು ನೀರು ಬೇಕಾದಷ್ಟಿದೆ. ಲೈನನ್ನು ಬಾರ್‌ಗೆ ಸುತ್ತಿಟ್ಟೇ ಕೈಟಿಗೆ ಕಟ್ಟಿ, ನೀರಿಗಿಳಿದು, ಲೀಡಿಂಗ್ ಎಡ್ಜ್ ಕೆಳಗಾಗಿ ಕೈಟನ್ನು ತೇಲಬಿಟ್ಟು, ಅದು ಡೌನ್‌ವಿಂಡ್ ತೇಲಿದ ಹಾಗೆ ಲೈನ್ ಬಿಚ್ಚಿಕೊಡ್ತಾ ಹೋಗೋದು. ಪೂರ್ತಿ ಬಿಚ್ಚಿದ ಮೇಲೆ ಕ್ಲಾಸಲ್ಲಿ ಕಲಿತ ರೀಲಾಂಚೇ: ಒಂದು ಸ್ಟಿಯರಿಂಗ್ ಲೈನ್ ಎಳೆದು ಹಿಡಿದು, ಕೈಟ್ ಅಂಚಿಗೆ ತೆವಳಿಕೊಂಡು ಹೋಗೋವರೆಗೂ ಕಾಯೋದು. ಬಿದ್ದರೆ ನೀರು. ಕಷ್ಟ ಏನಂದರೆ ಲೈನು ಕಾಲಿಗೆ ಸುತ್ತಿಕೊಳ್ಳಬಹುದು, ಅದಕ್ಕೆ ಹಾರ್ನೆಸ್‌ನಲ್ಲಿ ಲೈನ್ ಕತ್ತರಿಸೋ ಚಾಕು ಇರಲೇಬೇಕು. ಡೌನ್‌ವಿಂಡ್ ಕಡೆ ಮೀನಿನ ಬಲೆ ಕಟ್ಟಿದ ಗಳಗಳಿಲ್ಲ ಅಂತಲೂ ನೋಡ್ಕೊಳ್ಳಿ. ಕಾಲಿಗೆ ಶೂ ಹಾಕ್ಕೊಳ್ಳಿ, ದಕ್ಷಿಣದ ಮನ್ನಾರ್ ಕೊಲ್ಲಿಯ ಕಡೆ ಹವಳದ ಚೂರುಗಳಿರ್ತವೆ.

ನೀವು ಕೇಳದೇ ಇರೋ ಪ್ರಶ್ನೆ ಒಂದಿದೆ. ಎಬ್ಬಿಸಿದ್ದನ್ನು ಇಳಿಸೋರು ಯಾರು? ಬೆಳಿಗ್ಗೆ ಯಾರೂ ಇಲ್ಲದಿದ್ದರೆ ಎರಡು ಗಂಟೆ ಬಿಟ್ಟು ಸುಸ್ತಾಗಿ ಬಂದಾಗಲೂ ಯಾರೂ ಇರಲ್ಲ. ಗಾಳಿಯೂ ಅಷ್ಟೊತ್ತಿಗೆ ಏರಿರಬಹುದು. ಹಾಗಾಗಿ ಲಾಂಚ್ ಕಲಿಯೋಕೆ ಮುಂಚೆ ಲ್ಯಾಂಡಿಂಗ್ ಕಲೀರಿ. ನಿಮಗೆ ಒಂದೇ ವಿಧಾನ ಸಾಕು: ಮೊಣಕಾಲು ನೀರಲ್ಲಿ ನಿಂತು ಕೈಟನ್ನು ನಿಧಾನ ಅಂಚಿಗೆ ಇಳಿಸಿ, ನೆಲದ ಹತ್ತಿರ ಬಂದಾಗ ಕ್ವಿಕ್ ರಿಲೀಸ್ ಒತ್ತಿಬಿಡಿ. ಕೈಟ್ ಒಂದೇ ಸೇಫ್ಟಿ ಲೈನಿನಲ್ಲಿ ಬಲ ಕಳ್ಕೊಂಡು ಒದ್ದೆ ಬಟ್ಟೆ ಹಾಗೆ ಬೀಳುತ್ತೆ. ಆ ಲೈನನ್ನು ಹಿಡ್ಕೊಂಡು ಕೈಟ್ ಕಡೆ ನಡೀರಿ, ಕೈಗೆ ಮಾತ್ರ ಸುತ್ಕೋಬೇಡಿ. ಲೀಡಿಂಗ್ ಎಡ್ಜ್ ಹಿಡಿದು ಕವುಚಿ ಹಾಕಿ, ಮರಳು ಹೇರಿ. ಅನುಭವಿಗಳು ಇದನ್ನು ನೋಡಿ ನಕ್ಕರೆ ನಗಲಿ. ದಿನಾ ಒಂದು ಸಲ ರಿಲೀಸ್ ಒತ್ತಿದವರ ಕೈ, ಬೇಕಾದ ದಿನ ತಾನೇ ಅಲ್ಲಿಗೆ ಹೋಗುತ್ತೆ. ನಾನು ಮೂರು ವಾರ ಮಂಚದ ಮೇಲೆ ಅಂಗಾತ ಮಲಗಿ ಯೋಚನೆ ಮಾಡಿದ್ದು ಇದನ್ನೇ.

ಮುಂದಿನ ಸಲ ಹೋದಾಗ ಕಲಿತ ಕಡೆಯೇ ಹೋಗಿ, ಒಬ್ಬರನ್ನು ಕೈಟ್ ಪಕ್ಕ ನಿಲ್ಲಿಸಿ, ಅವರು ಮುಟ್ಟದೆ ನೀವು ಮರಳಿನಿಂದ ಹತ್ತು ಸಲ ಎಬ್ಬಿಸಿ ಹತ್ತು ಸಲ ಇಳಿಸಿ. ಅವರು ಎಷ್ಟು ಸಲ "ತಡಿ" ಅಂದರು ಅಂತ ಎಣಿಸಿ. ಒಮ್ಮೆಯೂ ಅನ್ನದ ದಿನ ಬಂದ ಮೇಲೆ ಒಬ್ಬರೇ ಹೋಗಿ. ತಲೆಗೆ ಹೆಲ್ಮೆಟ್ ಇರಲಿ.

ನಿಮ್ಮ 2017ರ ಬಾರ್ ಬಗ್ಗೆ ಒಂದು ಮಾತು. ಕ್ವಿಕ್ ರಿಲೀಸ್‌ಗೆ ಅಂತಲೇ ಐಎಸ್‌ಒ 21853 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 2020ರಲ್ಲಿ, ನಿಮ್ಮದು ಅದಕ್ಕೂ ಹಿಂದಿನದು. ಕೆಟ್ಟದ್ದು ಅಂತಲ್ಲ, ಪರೀಕ್ಷೆ ಮಾಡದೆ ನಂಬಬೇಡಿ ಅಂತ. ಹಾರ್ನೆಸ್ ಹಾಕ್ಕೊಂಡು ಚಿಕನ್ ಲೂಪನ್ನು ಅದಕ್ಕೆ ಸಿಕ್ಕಿಸಿ, ಬಾರ್‌ನ ಮುಂದಿನ ಲೈನ್‌ಗಳನ್ನು ಗಟ್ಟಿಯಾದ ಕಂಬಕ್ಕೆ ಕಟ್ಟಿ, ಪೂರ್ತಿ ತೂಕ ಹಾಕಿ ಹಿಂದಕ್ಕೆ ಜೋತುಬಿದ್ದು, ಒಂದೇ ಕೈಯಲ್ಲಿ ರಿಲೀಸ್ ಒತ್ತಿ ನೋಡಿ. ಕೆಳಗೆ ಹಾಸಿಗೆ ಹಾಕ್ಕೊಳ್ಳಿ, ಬೀಳ್ತೀರಿ. ಬೀಳದಿದ್ದರೆ ಒಳಗೆ ಮರಳೋ ಉಪ್ಪೋ ಕೂತಿರಬಹುದು. ಸಿಹಿನೀರಲ್ಲಿ ಚೆನ್ನಾಗಿ ತೊಳೆದು ಇನ್ನೊಂದು ಸಲ ನೋಡಿ, ಆಗಲೂ ತಡವರಿಸಿದರೆ ಕೈಟ್ ಇಟ್ಕೊಂಡು ಬಾರ್ ಮಾತ್ರ ಹೊಸದು ತಗೊಳ್ಳಿ, ನಿಮ್ಮ ಕೈಟಿಗೆ ಹೊಂದುತ್ತಾ ಅಂತ ಕೇಳಿಕೊಂಡು.